ತಾರಕ್ಕ ಫೋನ್ ಮಾಡಿದ್ದು

ಗಿಣಿಯ ಮಾತನ್ನು ಆ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವಳ ಧ್ವನಿಯನ್ನು ಮಾತ್ರ ಎಲ್ಲರೂ ಊಟ ಬಿಟ್ಟು ಕೇಳುತ್ತಿದ್ದರು. ಒಗಟು ಹಾಕುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಆ ಊರಿನವರು ತಲೆಯ ಮೇಲೆ ಹೊತ್ತುಕೊಂಡಿದ್ದ ಸಿನಿಮಾ ನಾಯಕಿ ಒಬ್ಬಳಿದ್ದಳು. ಅವಳ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ತಾರಕ್ಕ ಅಂತಲೇ ಕರೆಯುವುದು. ತಾರಕ್ಕನಿಗೆ ದೇವರು ಎತ್ತರ ಕೊಟ್ಟಿದ್ದ, ಕಣ್ಣು ಕೊಟ್ಟಿದ್ದ, ದಾರಿಯಲ್ಲಿ ಹೋದರೆ ನಾಲ್ಕು ಜನ ತಿರುಗಿ ನೋಡುವ ನಡಿಗೆ ಕೊಟ್ಟಿದ್ದ. ಗಂಟಲು ಕೊಡುವ ಹೊತ್ತಿಗೆ ಮಾತ್ರ ಅವನ ಕೈ ಬರಿದಾಗಿತ್ತು. ಬಾಯಿ ತೆರೆದರೆ ನೆಗಡಿಯಾದ ಮಗು ರಚ್ಚೆ ಹಿಡಿದ ಹಾಗೆ ಕೇಳುತ್ತಿತ್ತು. ಹಾಗಾಗಿ ಮೊದಲನೇ ಚಿತ್ರದಿಂದಲೂ ತೆರೆಯ ಮೇಲೆ ತುಟಿ ತಾರಕ್ಕನದು, ಮಾತು ಗಿಣಿಯದು.

ಕೆಲಸ ಹೇಳುವಷ್ಟು ಸುಲಭವಲ್ಲ. ಸದ್ದು ಬರದಂತೆ ಗೋಡೆಗೆಲ್ಲ ಮೆತ್ತೆ ಬಡಿದ ಕೋಣೆ, ಎದುರಿಗೆ ಪರದೆ, ಮುಂದೆ ಮೈಕು. ಪರದೆಯಲ್ಲಿ ತಾರಕ್ಕ ತುಟಿ ಅಲ್ಲಾಡಿಸಿದ ಅಳತೆಗೆ ಸರಿಯಾಗಿ ಮಾತು ತುಂಬಬೇಕು. ಹೊಸಬರು ತುಟಿ ನೋಡಿಕೊಂಡು ನಿಲ್ಲುತ್ತಾರೆ, ಅದಕ್ಕೇ ಒಂದು ಗಳಿಗೆ ಹಿಂದೆ ಬೀಳುತ್ತಾರೆ. ಗಿಣಿ ಕುತ್ತಿಗೆ ನೋಡುತ್ತಿದ್ದಳು. ಮಾತು ತುಟಿಗೆ ಬರುವ ಮೊದಲು ಉಸಿರು ಕುತ್ತಿಗೆಗೆ ಬಂದಿರುತ್ತದೆ, ಅಲ್ಲೇ ಹಿಡಿದುಬಿಟ್ಟರೆ ತಪ್ಪುವುದಿಲ್ಲ ಎಂಬುದು ಅವಳ ಲೆಕ್ಕ. ತಾರಕ್ಕನನ್ನು ಅವಳು ಎದುರೆದುರು ಕಂಡದ್ದು ಎರಡೇ ಸಲ. ಆ ಕುತ್ತಿಗೆಯನ್ನು ಮಾತ್ರ ತನ್ನ ಅಂಗೈಗಿಂತ ಚೆನ್ನಾಗಿ ಬಲ್ಲಳು.

ಇದನ್ನೆಲ್ಲ ಹೊರಗೆ ಬಾಯಿ ಬಿಡಕೂಡದು ಅಂತ ಶುರುವಿನಲ್ಲೇ ಕರಾರಾಗಿತ್ತು. ಮನೆಯಲ್ಲಿ ಕೇಳಿದಾಗ, "ಗುಂಪಿನ ಸದ್ದು ಮಾಡೋ ಕೆಲಸ" ಅಂದಿದ್ದಳು. ಅಂದರೆ ಚಿತ್ರದಲ್ಲಿ ಸಂತೆ ಬಂದರೆ ಗದ್ದಲ, ಜಗಳ ಬಂದರೆ ಹೋ ಅನ್ನುವುದು, ಆಸ್ಪತ್ರೆ ಬಂದರೆ ಅಳು. ಅನುಮಾನ ಬರುವ ಹಾಗೂ ಇರಲಿಲ್ಲ. ಮನೆಯಲ್ಲಿ ಅವಳ ಧ್ವನಿ ಸ್ವಲ್ಪ ಒಡಕು, ಸ್ವಲ್ಪ ಅವಸರ. ಗದ್ದ ಇಳಿಸಿ, ಹೊಟ್ಟೆ ಒಳಗೆಳೆದು ಮೈಕಿನ ಮುಂದೆ ನಿಂತಾಗ ಮಾತ್ರ ಅದು ಬೇರೆಯೇ ಆಗುತ್ತಿತ್ತು. ಚಿಕ್ಕಂದಿನಲ್ಲಿ ಅಕ್ಕಪಕ್ಕದವರ ಮಾತನ್ನೆಲ್ಲ ಅಣಕಿಸುತ್ತಿದ್ದಳು ಅಂತ ಗಿಣಿ ಎಂಬ ಅಡ್ಡಹೆಸರು ಬಿದ್ದಿತ್ತು. ದೊಡ್ಡವಳಾದ ಮೇಲೂ ಅದು ಬಿಡಲಿಲ್ಲ.

ಟಿವಿಯಲ್ಲಿ ತಾರಕ್ಕನ ಚಿತ್ರ ಬಂದರೆ ಅತ್ತಿಗೆ ಒಲೆ ಆರಿಸಿ ಬಂದು ಕೂರುತ್ತಿದ್ದಳು.

"ನೋಡೇ, ಮಾತು ಅಂದ್ರೆ ಇದು. ಒಂದೊಂದು ಅಕ್ಷರಕ್ಕೂ ತೂಕ ಇದೆ. ನೀನೂ ಇದ್ದೀಯ, ಬಾಯಿ ತೆಗೆದ್ರೆ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ."

"ಹೌದು ಅತ್ತಿಗೆ," ಅನ್ನುತ್ತಾ ಗಿಣಿ ಬಟಾಣಿ ಸುಲಿಯುತ್ತಿದ್ದಳು. ನಗು ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಎರಡೂ ಒಟ್ಟೊಟ್ಟಿಗೆ ಬಂದರೆ ಬಟಾಣಿ ಸುಲಿಯುವುದೇ ಮೇಲು.

ಅವಳ ಅಣ್ಣನಿಗೆ ಹಳೇ ಮಾರ್ಕೆಟ್ ಸಾಲಿನಲ್ಲಿ ರಿಪೇರಿ ಅಂಗಡಿ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು, ಏನು ಕೆಟ್ಟರೂ ಅವನ ಹತ್ತಿರ ಬರುತ್ತಿತ್ತು. ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಾ ಕೂತನೆಂದರೆ ಪಕ್ಕದಲ್ಲಿ ಪಟಾಕಿ ಸಿಡಿದರೂ ತಲೆ ಎತ್ತುವವನಲ್ಲ. ಗಿಣಿ ಮದುವೆ ಮುರಿದುಕೊಂಡು, ಒಂದು ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತ ದಿನ ಅಣ್ಣ ಯಾಕೆ ಬಂದೆ ಅಂತ ಕೇಳಿರಲಿಲ್ಲ. "ಕೈ ತೊಳ್ಕೊ, ಊಟಕ್ಕೆ ಕೂತ್ಕೊ," ಅಂದಿದ್ದ, ಅಷ್ಟೇ. ಇವತ್ತಿನವರೆಗೂ ಕೇಳಿಲ್ಲ. ಆ ಅಣ್ಣನಿಗಾಗಿ ಗಿಣಿ ಏನು ಬೇಕಾದರೂ ಮಾಡಿಯಾಳು.

ಒಂದು ದಿನ ನಗರಸಭೆಯವರು ಸಾಲಿನ ಪ್ರತಿ ಬಾಗಿಲಿಗೂ ಕಾಗದ ಅಂಟಿಸಿ ಹೋದರು. ಸಾಲು ಹಳೆಯದಾಯಿತು, ಗೋಡೆ ಬಿರುಕು ಬಿಟ್ಟಿದೆ, ಕೆಡವುತ್ತೇವೆ. ಬಸ್ ನಿಲ್ದಾಣದ ಹಿಂದೆ ಹೊಸ ಕಟ್ಟಡ ಎದ್ದಿದೆ. ತಿಂಗಳ ಕೊನೆಯ ಸೋಮವಾರದೊಳಗೆ ಬಂದು ಒಪ್ಪಿಗೆಗೆ ಸಹಿ ಹಾಕಿದವರಿಗೆ ಅಲ್ಲಿ ಮಳಿಗೆ, ಹಾಕದವರಿಗೆ ಏನೂ ಇಲ್ಲ. ಓದಿದ ಅಣ್ಣ, "ನಲವತ್ತು ವರ್ಷದ ಗೋಡೆ ಇದು, ಇವರಪ್ಪ ಬಂದ್ರೂ ಬೀಳಲ್ಲ," ಅಂತ ಕಾಗದ ಕಿತ್ತು ಮಿಕ್ಸಿಯ ಬುಡಕ್ಕೆ ಒತ್ತು ಕೊಟ್ಟ.

ಗಿಣಿ ಬಿಡಲಿಲ್ಲ. ಬೆಳಿಗ್ಗೆ ಹೇಳಿದಳು, ಊಟಕ್ಕೆ ಕೂತಾಗ ಹೇಳಿದಳು. ತಾನೇ ಬಸ್ಸು ಹತ್ತಿ ಹೋಗಿ ಹೊಸ ಕಟ್ಟಡ ನೋಡಿಕೊಂಡು ಬಂದಳು. "ಕೆಳಗಿನ ಅಂತಸ್ತಲ್ಲೇ ಜಾಗ ಇದೆ ಅಣ್ಣ, ಬಾಗಿಲಿಗೆ ಬೆಳಕು ಬರುತ್ತೆ, ಕರೆಂಟ್ ಲೈನ್ ದಪ್ಪ ಇದೆ," ಅಂದಳು. ಗೋಡೆಗೆ ಹೇಳಿದ ಹಾಗಾಗುತ್ತಿತ್ತು. ಕರೆಂಟ್ ಲೈನಿನ ಮಾತಿಗೆ ಮಾತ್ರ ಅಣ್ಣ ತುಸು ಮೆತ್ತಗಾದ. "ನೋಡೋಣ, ಸೋಮವಾರ ಹೋಗಿ ಬರೋಣ," ಅಂದ. ಗಿಣಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಅಷ್ಟರಲ್ಲಿ ತಾರಕ್ಕ ಚುನಾವಣೆಗೆ ನಿಂತಳು.

ಎದುರಾಳಿ ಹಾಲಿ ಶಾಸಕ, ಒಂದು ಕಾಲದ ಫುಟ್‌ಬಾಲ್ ಗೋಲ್‌ಕೀಪರ್. ಅವನು ಕುರ್ಚಿಯಲ್ಲಿ ಕೂತ ಮೇಲೂ ಅದೇ ಆಟ ಆಡುತ್ತಿದ್ದಾನೆ, ಯಾರ ಅರ್ಜಿಯನ್ನೂ ಒಳಗೆ ಹೋಗಲು ಬಿಡುವುದಿಲ್ಲ ಅಂತ ಜನ ನಗುತ್ತಿದ್ದರು. ತಾರಕ್ಕ ನಿಂತದ್ದೇ ತಡ, ಅಣ್ಣನ ಅಂಗಡಿ ಮುಂದೆ ಬೇರೆ ಮಾತೇ ಇಲ್ಲ. ಇಸ್ತ್ರಿಪೆಟ್ಟಿಗೆ ಕೊಡಲು ಬಂದವರು ಅದನ್ನು ಕಂಕುಳಲ್ಲೇ ಇಟ್ಟುಕೊಂಡು ವಾದ ಮಾಡುತ್ತಿದ್ದರು.

"ಆ ಪಿಕ್ಚರಲ್ಲಿ ಬುಲ್ಡೋಜರ್ ಮುಂದೆ ನಿಂತ್ಕೊಂಡು ಏನಂದ್ರು? 'ಮೊದಲು ನನ್ನ ಮೇಲೆ ಹತ್ತಿಸು' ಅಂದ್ರು. ಗೋಲ್‌ಕೀಪರ್ ಅಂತಾನಾ ಹಾಗೆ?" ಎಂದ ಪಕ್ಕದ ಚೀಲದಂಗಡಿಯವನು. ಶಾಲೆಯ ಚೀಲ, ಪ್ರಯಾಣದ ಚೀಲ ಹೊಲಿದು ಮಾರುವವನು. ತಾರಕ್ಕನ ಪಟವಿಲ್ಲದ ಚೀಲ ಅವನ ಹತ್ತಿರ ಇರಲಿಲ್ಲ.

"ಕಟ್ಕೊಂಡ ಗಂಡನ್ನೇ ಬಿಟ್ಟು ಬಂದೋಳು, ಊರು ನೋಡ್ಕೋತಾಳಾ?" ಎಂದ ಬೀಗದ ಕೈ ಮಾಡುವವನು.

"ಅಯ್ಯೋ, ಗಂಡನ್ನ ಬಿಟ್ಟಿದ್ದು ಪಿಕ್ಚರಲ್ಲಿ ಕಣಯ್ಯಾ! ನಿಜವಾಗಿ ಅವರಿಗೆ ಮದುವೇನೇ ಆಗಿಲ್ಲ."

"ಹೌದಲ್ಲ!" ಅಂತ ಬೀಗದವನು ಒಪ್ಪಿಕೊಂಡ. "ಹಾಗಾದ್ರೆ ಪರವಾಗಿಲ್ಲ, ಹಾಕ್ಬಹುದು ವೋಟು."

ಬುಲ್ಡೋಜರಿನ ಆ ಮಾತನ್ನು ಗಿಣಿ ಹೇಳಿದ್ದು ಕೆಮ್ಮಿನ ಗುಳಿಗೆ ಚೀಪುತ್ತಾ, ಮೂರನೇ ಸಲಕ್ಕೆ. ಎರಡು ಸಲ ಸೀನು ಬಂದು ಕೆಟ್ಟಿತ್ತು.

ಮೊದಲನೇ ಸಭೆಯಲ್ಲಿ ತಾರಕ್ಕ ಮೈಕು ಹಿಡಿದು, "ಎಲ್ಲರಿಗೂ ನಮಸ್ಕಾರ," ಅಂದಳು. ಜನ ಮೈಕಿನವನಿಗೆ ಬೈದರು. ಅವನು ತಂತಿ ಬದಲಾಯಿಸಿದ, ಡಬ್ಬಿ ಬದಲಾಯಿಸಿದ, ಪಾಪ, ಅವನೇನು ಮಾಡಿಯಾನು. ಅವತ್ತಿನಿಂದ ತಾರಕ್ಕನಿಗೆ ಗಂಟಲು ಕೆಟ್ಟಿದೆ ಅಂತ ಸುದ್ದಿಯಾಯಿತು. ಅವಳು ಬಂಡಿಯ ಮೇಲೆ ನಿಂತು ಬರೀ ಕೈಬೀಸತೊಡಗಿದಳು. ಮಾರನೇ ವಾರವೇ ಪ್ರಚಾರದವನೊಬ್ಬ ಸ್ಟುಡಿಯೋಕ್ಕೆ ಬಂದ. ಎರಡು ಕೈಯಲ್ಲಿ ಎರಡು ಫೋನು, ಎರಡರಲ್ಲೂ ಮಾತು. ಮನೆಮನೆಗೆ ತಾರಕ್ಕನ ಫೋನ್ ಹೋಗಬೇಕು, ಎತ್ತಿದವರಿಗೆ ತಾರಕ್ಕನೇ ಮಾತಾಡಿದಂತೆ ಕೇಳಿಸಬೇಕು, ಅದನ್ನು ರೆಕಾರ್ಡ್ ಮಾಡಿ ಕೊಡಿ ಅಂದ.

ಗಿಣಿ ಒಳಗೆ ಹೋಗಿ ನಿಂತಳು. ಪರದೆ ಬೆಳ್ಳಗಿತ್ತು.

"ಚಿತ್ರ ಎಲ್ಲಿ?" ಅಂತ ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗ್‌ನವನನ್ನು ಕೇಳಿದಳು. ವಯಸ್ಸಾದ ಮನುಷ್ಯ. ಕುತ್ತಿಗೆಯಿಂದ ಹೆಡ್‌ಫೋನು ಇಳಿಸಿದ್ದನ್ನು ಯಾರೂ ಕಂಡವರಿಲ್ಲ, ಹಾಗಾಗಿ ಎಲ್ಲರಿಗೂ ಅವನು ಹೆಡ್‌ಫೋನ್ ಮಾಮ.

"ಚಿತ್ರ ಇಲ್ಲಮ್ಮ. ಬರೀ ಮಾತು."

ಅವಳಿಗೆ ಹೇಗೆಹೇಗೋ ಆಯಿತು. ಇಷ್ಟು ವರ್ಷ ಎದುರಿಗೆ ಒಂದು ಮುಖ ಇರುತ್ತಿತ್ತು. ಪ್ರೀತಿಯ ಮಾತೋ, ಸುಳ್ಳೋ, ಶಾಪವೋ, ಅದೆಲ್ಲ ಆ ಮುಖಕ್ಕೆ ಸೇರಿದ್ದು, ತನ್ನದು ಬರೀ ಉಸಿರು. ಇವತ್ತು ಕೈಯಲ್ಲೊಂದು ಹಾಳೆ, ಅದರ ಮುಂದೆ ತನ್ನದೇ ಬಾಯಿ. ಆದರೂ ಕೆಲಸ ಕೆಲಸವೇ. ಹಾಳೆಯನ್ನು ಮೊದಲೇ ಓದಿಕೊಳ್ಳದೆ ಒಂದೇ ಏಟಿಗೆ ಹೇಳಿ ಮುಗಿಸುವುದು ಅವಳ ರೂಢಿ, ಮೊದಲ ಸಲದ ಮಾತಿಗೆ ಇರುವ ಬಿಸಿ ಎರಡನೇ ಸಲಕ್ಕೆ ಇರುವುದಿಲ್ಲ. ಗದ್ದ ಇಳಿಸಿದಳು, ಹೇಳಿದಳು.

"ಹಳೇ ಮಾರ್ಕೆಟ್ಟಿನ ಅಣ್ಣಂದಿರೇ, ನಾನಿರುವವರೆಗೆ ನಿಮ್ಮ ಸಾಲಿನ ಒಂದು ಇಟ್ಟಿಗೆಯೂ ಅಲುಗಾಡುವುದಿಲ್ಲ. ಯಾರು ಬಂದು ಹೆದರಿಸಿದರೂ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಿಮ್ಮ ತಂಗಿ ಹೇಳುತ್ತಿದ್ದೇನೆ, ನಂಬಿ."

ಕೊನೆಯ ಪದ ಬಾಯಿಂದ ಆಚೆ ಹೋದ ಮೇಲೆ, ಹೇಳಿದ್ದೇನು ಅಂತ ಅವಳ ಕಿವಿಗೆ ಬಿತ್ತು. ಹೊರಗೆ ಓಡಿ ಬಂದಳು.

"ಇದು ನಿಜಾನಾ? ಆ ಸಾಲು ಕೆಡವಲ್ವಾ?"

ಪ್ರಚಾರದವನು ಒಂದು ಫೋನನ್ನು ಎದೆಗೆ ಒತ್ತಿಕೊಂಡ. "ಕೆಡವದೆ ಏನು ಮೇಡಂ, ಕಂಟ್ರಾಕ್ಟ್ ಆಗ್ಲೇ ನಮ್ಮೋರಿಗೇ ಆಗಿದೆ. ಎಲೆಕ್ಷನ್ ಮುಗಿಯೋವರೆಗೂ ಜನ ಸಮಾಧಾನವಾಗಿರ್ಲಿ ಅಂತ ಅಷ್ಟೇ. ನಿಮಗ್ಯಾಕೆ ತಲೆಬಿಸಿ, ಡೈಲಾಗ್ ತಾನೇ?"

"ಆ ಸಹಿಯ ಮಾತು ಬೇಡ. ಅದು ಬಿಟ್ಟು ಇನ್ನೊಂದು ಸಲ ಹೇಳ್ತೀನಿ."

"ಅಯ್ಯೋ, ಸೂಪರ್ ಆಗಿ ಬಂದಿದೆ ಮೇಡಂ!" ಅಂದವನು ಹೊರಟೇಬಿಟ್ಟ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬಸ್ಸಿನಲ್ಲಿ ಗಿಣಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಯಾರೋ ಬರೆದುಕೊಟ್ಟದ್ದನ್ನು ಇನ್ಯಾರೋ ಓದುತ್ತಾರೆ, ಅದನ್ನು ನಿಜ ಅಂತ ಯಾರು ತಿಳಿಯುತ್ತಾರೆ? ದಿನಾ ಮಾತಿನ ಹಾಳೆ ನೋಡುವವರು ಮಾತ್ರ ಮಾಡಬಹುದಾದ ತಪ್ಪು ಅದು. ಹಾಳೆ ನೋಡದವರು ಊರು ತುಂಬ ಇದ್ದಾರೆ ಅನ್ನುವುದನ್ನೇ ಅವಳು ಮರೆತಿದ್ದಳು.

ಶನಿವಾರ ಮಧ್ಯಾಹ್ನ ಮನೆಗೆ ಬಂದರೆ, ಅಂಗಡಿಯಲ್ಲಿರಬೇಕಾದ ಅಣ್ಣ ನಡುಮನೆಯಲ್ಲಿ ನಿಂತಿದ್ದ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಿಣಿ ಹೆದರಿ, "ಏನಾಯ್ತು?" ಅಂದಳು.

"ತಾರಕ್ಕ ಫೋನ್ ಮಾಡಿದ್ರು ಕಣೇ!" ಎಂದ ಅಣ್ಣ. "ನನಗೆ! ಅಣ್ಣಂದಿರೇ ಅಂದ್ರು. ನಿಮ್ಮ ತಂಗಿ ಅಂದ್ರು. ಇಡೀ ಸಾಲಿಗೇ ಬಂದಿದೆ ಫೋನು. ಚೀಲದೋನು ಅಂತೂ ಎದ್ದು ನಿಂತು ಕೈ ಮುಗಿದ."

"ಅದು ರೆಕಾರ್ಡ್ ಅಣ್ಣ."

"ಆಗಿರ್ಲಿ. ಹೇಳಿದ್ದು ಅವರೇ ತಾನೇ? ಸೋಮವಾರ ಎಲ್ಲಿಗೂ ಹೋಗೋದು ಬೇಡ. ಸಾಲಿನೋರೆಲ್ಲ ಮಾತಾಡ್ಕೊಂಡಿದ್ದೀವಿ, ಯಾರೂ ಸಹಿ ಹಾಕಲ್ಲ."

ಗಿಣಿ ಕೂತಳು, ಎದ್ದಳು. ಸಾಲು ಬೀಳುವುದು ಖಂಡಿತ, ಕಂಟ್ರಾಕ್ಟ್ ಕೂಡ ಆಗಿಹೋಗಿದೆ, ತನ್ನ ಕಿವಿಯಾರೆ ಕೇಳಿದ್ದೇನೆ ಅಂತ ಹೇಳಿದಳು. ಎಲ್ಲಿ ಕೇಳಿದೆ ಅಂದರೆ ಸ್ಟುಡಿಯೋದಲ್ಲಿ ಅಂದಳು. ಅಣ್ಣ ನಕ್ಕುಬಿಟ್ಟ.

"ಸಂತೆ ಗದ್ದಲ ಮಾಡೋ ಜಾಗದಲ್ಲಿ ಸಂತೆ ಸುದ್ದೀನೇ ಸಿಗೋದು. ನಿನಗೆ ರಾಜಕೀಯ ಗೊತ್ತಾ? ಬುಲ್ಡೋಜರ್ ಮುಂದೆ ನಿಂತೋರು ಅವರು."

"ನಿಂತಿದ್ದು ಪಿಕ್ಚರಲ್ಲಿ!"

"ಮನಸ್ಸಲ್ಲಿ ಇಲ್ದಿದ್ರೆ ಆ ಮಾತು ಅಷ್ಟು ಚೆನ್ನಾಗಿ ಬರುತ್ತೇನೇ? ಆ ಧ್ವನಿಲೇ ಗೊತ್ತಾಗುತ್ತೆ, ಸುಳ್ಳು ಹೇಳೋ ಹೆಂಗಸಲ್ಲ ಅಂತ."

ಆಗ ಗಿಣಿ ಕರಾರು ಮುರಿದಳು. ಕೆಲಸ ಹೋದರೆ ಹೋಗಲಿ.

"ಅಣ್ಣ, ಆ ಧ್ವನಿ ನಂದು. ತಾರಕ್ಕ ಮಾತಾಡೋದೇ ಇಲ್ಲ. ಮೊದಲನೇ ಪಿಕ್ಚರಿಂದ ನಾನೇ ಮಾತಾಡ್ತಿರೋದು. ಆ ಫೋನಲ್ಲೂ ನಾನೇ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಗಿಣಿ ಗದ್ದ ಇಳಿಸಿ, ಹೊಟ್ಟೆ ಒಳಗೆಳೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. "ಹಳೇ ಮಾರ್ಕೆಟ್ಟಿನ ಅಣ್ಣಂದಿರೇ, ನಾನಿರುವವರೆಗೆ ನಿಮ್ಮ ಸಾಲಿನ ಒಂದು ಇಟ್ಟಿಗೆಯೂ ಅಲುಗಾಡುವುದಿಲ್ಲ."

ಅತ್ತಿಗೆ ಚಪ್ಪಾಳೆ ತಟ್ಟಿದಳು.

"ಅಬ್ಬಾ, ಅಚ್ಚು ಹಾಗೇ ಮಾಡಿದೆ ಕಣೇ! ಇನ್ನೊಂದು ಸಲ ಮಾಡು. ಆದ್ರೂ ಆ ಗತ್ತು ಬರಲ್ಲ, ಅದು ಹುಟ್ಟಿನಿಂದ ಬರಬೇಕು."

"ಚಿಕ್ಕೋಳಿದ್ದಾಗ ನಮ್ಮ ಮೇಷ್ಟರ ಹಾಗೂ ಮಾಡ್ತಿದ್ಲು," ಎಂದ ಅಣ್ಣ. "ಗಿಣಿ ಅಂತ ಸುಮ್ನೆ ಹೆಸರಿಟ್ವಾ?"

ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಗಿಣಿ ಅತ್ತಳು, ಕಾಲು ನೆಲಕ್ಕೆ ಬಡಿದಳು. ಅಣ್ಣ ಗಂಭೀರನಾಗಿ, "ಸಾಕು ಮಾಡು. ದೊಡ್ಡೋರ ಹೆಸರು ಕೆಡಿಸ್ಬಾರ್ದು," ಅಂದ. ಇಷ್ಟು ವರ್ಷದಲ್ಲಿ ಅಣ್ಣ ಅವಳಿಗೆ ಗದರಿದ್ದು ಅದೇ ಮೊದಲು. ಭಾನುವಾರ ಇಡೀ ದಿನ ಅವಳು ಯಾರೊಡನೆಯೂ ಮಾತಾಡಲಿಲ್ಲ, ಯಾರಿಗೂ ಅದು ಗೊತ್ತೂ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದಳು. ಹೆಡ್‌ಫೋನ್ ಮಾಮ ಬೀಗ ತೆಗೆಯುತ್ತಲೇ, "ಮಾಮ, ಆಫೀಸ್ ಫೋನ್ ಬೇಕು. ನನ್ನ ನಂಬರಿಂದ ಮಾಡೋ ಹಾಗಿಲ್ಲ," ಅಂತ ಎಲ್ಲ ಹೇಳಿದಳು.

"ಗೊತ್ತಾದ್ರೆ ಇಬ್ಬರ ಅನ್ನಕ್ಕೂ ಕಲ್ಲು ಬೀಳುತ್ತೆ."

"ನಂದಕ್ಕೆ ಬೀಳ್ಲಿ. ನಿಮಗೆ ಗೊತ್ತೇ ಇರ್ಲಿಲ್ಲ ಅಂತೀನಿ."

"ಅಷ್ಟೊಂದು ಸುಳ್ಳು ಹೇಳ್ಬೇಡಮ್ಮ, ನಿನ್ನ ಸ್ವಂತ ಧ್ವನಿಲಿ ಸುಳ್ಳು ಬರಲ್ಲ," ಅಂತ ಅವನು ಫೋನಿನ ತಂತಿ ಉದ್ದಕ್ಕೂ ಎಳೆದು ಮೈಕಿನ ಕೋಣೆಗೆ ತಂದಿಟ್ಟ. ಇದುವರೆಗೂ ಗಿಣಿ ಬರೆದಿಟ್ಟ ಮಾತನ್ನಷ್ಟೇ ಹೇಳಿದವಳು. ಇಲ್ಲಿ ಆ ಕಡೆಯವರು ಏನು ಕೇಳುತ್ತಾರೋ, ಏನು ಹೇಳಬೇಕೋ. ಮಾಮ ಗಾಜಿನ ಆಚೆಯಿಂದ, "ಮುಖ ಬೇಕಾ? ಯಾವುದಾದ್ರೂ ಹಳೇ ಚಿತ್ರ ಹಾಕ್ಲಾ?" ಅಂದ. ಪರದೆಯ ಮೇಲೆ ತಾರಕ್ಕ ಬಂದಳು, ದೊಡ್ಡ ಮುಖ, ಅದೇ ಕುತ್ತಿಗೆ. ಅವಳು ಇನ್ಯಾವನಿಗೋ ಇನ್ನೇನೋ ಹೇಳುತ್ತಿದ್ದಳು.

"ಆರಿಸಿ ಮಾಮ," ಅಂದಳು ಗಿಣಿ. ಕಣ್ಣು ಮುಚ್ಚಿ, ತಂತಿ ಸುತ್ತುತ್ತಾ ಕೂತ ಅಣ್ಣನನ್ನು ನೆನೆದುಕೊಂಡು ನಂಬರು ಒತ್ತಿದಳು.

"ಹಲೋ?"

"ರಿಪೇರಿ ಅಂಗಡಿಯ ಅಣ್ಣ ಅಲ್ಲವೇ? ನಾನು ತಾರಕ್ಕ ಮಾತಾಡುತ್ತಿರುವುದು."

ಸ್ಟೂಲು ಹಿಂದಕ್ಕೆ ಬಿದ್ದ ಸದ್ದು ಕೇಳಿಸಿತು. ಅಣ್ಣ ಎದ್ದು ನಿಂತಿದ್ದ.

"ಅಕ್ಕಾ... ನೀವಾ... ಹೇಳಿ ಅಕ್ಕಾ."

"ಈಗಲೇ ಅಂಗಡಿ ಮುಚ್ಚಿ ನಗರಸಭೆಗೆ ಹೋಗಿ. ಒಪ್ಪಿಗೆಗೆ ಸಹಿ ಹಾಕಿ. ಕೆಳಗಿನ ಅಂತಸ್ತಿನಲ್ಲೇ ಮಳಿಗೆ ಕೇಳಿ, ಬೆಳಕು ಬರುವ ಕಡೆ."

"ಅಕ್ಕ, ತಪ್ಪು ತಿಳೀಬೇಡಿ. ಮೊನ್ನೆ ನೀವೇ ಸಹಿ ಹಾಕ್ಬೇಡಿ ಅಂದ್ರಲ್ಲ?"

ಗಿಣಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಅಂದೆ. ಅದು ಬರೆದುಕೊಟ್ಟದ್ದು. ಇದು ನಾನೇ ಹೇಳುತ್ತಿರುವುದು. ಸಾಲು ಬೀಳುತ್ತದೆ ಅಣ್ಣ. ನಿಮ್ಮ ಸಾಲಿನವರಿಗೆಲ್ಲ ಹೇಳಿ."

"ನಾನು ಹೇಳಿದ್ರೆ ನಂಬ್ತಾರಾ ಅಕ್ಕ?"

"ನಂಬದಿದ್ದರೂ ಹೇಳಿ. ಹೇಳುವುದೊಂದು ನಮ್ಮ ಕೈಯಲ್ಲಿದೆ."

ಅವಳು ಫೋನಿಟ್ಟಳು. ಮಾಮ ಒಂದು ಲೋಟ ನೀರು ತಂದುಕೊಟ್ಟು, "ಒಂದೇ ಏಟಿಗೆ ಬಂತು," ಅಂದ.

ಅಣ್ಣ ಹೋದ, ಸಹಿ ಹಾಕಿದ. ಹೋಗುವ ಮುಂಚೆ ಸಾಲಿನ ಉದ್ದಕ್ಕೂ ಪ್ರತಿ ಅಂಗಡಿಗೂ ಹೇಳಿದ. ಬೀಗದವನು, "ನೀನು ಇದುವರೆಗೆ ಸುಳ್ಳು ಹೇಳಿದ್ದು ನೋಡಿಲ್ಲ," ಅಂತ ಹಿಂದೆಯೇ ಹೊರಟ. ಇನ್ನೂ ನಾಲ್ಕೈದು ಜನ ಹೊರಟರು. ಚೀಲದಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ತಾರಕ್ಕ ನಿನಗೊಬ್ಬನಿಗೇ ಫೋನ್ ಮಾಡಿದ್ರಾ? ಯಾಕೆ, ಅವರ ಮನೆ ಮಿಕ್ಸಿ ಕೆಟ್ಟಿತ್ತಾ? ಹೋಗಯ್ಯ ಹೋಗು. ನಾನು ಅಕ್ಕನ ಮಾತು ಮೀರಲ್ಲ."

ಎರಡನೇ ಕಂತಿನ ಫೋನ್ ಮಾತುಗಳಿಗೆ ಪ್ರಚಾರದವನು ಮತ್ತೆ ಬಂದಾಗ ಗಿಣಿ, "ಎದುರಿಗೆ ಮುಖ ಇಲ್ಲದೆ ನಂಗೆ ಬರಲ್ಲ. ಅವರನ್ನೇ ಕರ್ಕೊಂಡು ಬಂದು ಕೂರಿಸಿ, ಅವರು ತುಟಿ ಅಲ್ಲಾಡಿಸ್ಲಿ, ನಾನು ಮಾತು ತುಂಬ್ತೀನಿ," ಅಂದಳು. ಅವನು ಗೊಣಗುತ್ತಾ ಹೋಗಿ, ಮೊದಲಿನದ್ದನ್ನೇ ಕತ್ತರಿಸಿ ಜೋಡಿಸಿಕೊಂಡ. ತಾರಕ್ಕ ಗೆದ್ದಳು. ಗೋಲ್‌ಕೀಪರ್ ಸೋತ.

ಗೆದ್ದ ತಿಂಗಳೊಳಗೇ ಯಂತ್ರಗಳು ಬಂದು ಸಾಲಿನ ಮುಂದೆ ನಿಂತವು. ತಾರಕ್ಕ ಬಂದು ಅಡ್ಡ ನಿಲ್ಲುತ್ತಾಳೆ ಅಂತ ನೂರಾರು ಜನ ರಸ್ತೆಯಲ್ಲಿ ಕಾದರು, ಕೆಲವರು ಚಿತ್ರ ತೆಗೆಯಲು ಫೋನು ಎತ್ತಿ ಹಿಡಿದೇ ಇದ್ದರು. ತಾರಕ್ಕ ಎಲ್ಲೋ ದೂರದಲ್ಲಿ ಶೂಟಿಂಗಿನಲ್ಲಿದ್ದಳಂತೆ. ಸಂಜೆಯ ಹೊತ್ತಿಗೆ ನಲವತ್ತು ವರ್ಷದ ಗೋಡೆ ನೆಲ ಕಂಡಿತು. "ಪಾಪ, ಅಕ್ಕನಿಗೆ ಗೊತ್ತೇ ಇಲ್ಲ. ಸುತ್ತ ಇರೋರು ಸರಿಯಿಲ್ಲ. ಗೊತ್ತಿದ್ರೆ ಓಡಿ ಬರ್ತಿದ್ರು," ಅಂತ ಇಟ್ಟಿಗೆ ರಾಶಿಯ ಪಕ್ಕ ನಿಂತು ಹೇಳಿದವನು ಬೇರೆ ಯಾರೂ ಅಲ್ಲ, ಅದೇ ಚೀಲದಂಗಡಿಯವನು. ಈಗ ಅವನು ಹೊಸ ಕಟ್ಟಡದ ಮುಂದೆ ಪಾದಚಾರಿ ದಾರಿಯಲ್ಲಿ ಹಗ್ಗ ಕಟ್ಟಿ ಚೀಲ ನೇತುಹಾಕುತ್ತಾನೆ. ಗಿಣಿ ಆ ದಾರಿಯಲ್ಲಿ ಹೋದಾಗಲೆಲ್ಲ ಒಂದು ಚೀಲ ಕೊಳ್ಳುತ್ತಾಳೆ. ಚೌಕಾಸಿ ಮಾಡುವುದಿಲ್ಲ, ಮುಖ ಕೊಟ್ಟು ಮಾತಾಡುವುದೂ ಇಲ್ಲ. "ಇಷ್ಟೊಂದು ಚೀಲ ಏನಕ್ಕೇ, ಎಲ್ಲಿಗೆ ಹೊರಟಿದ್ದೀಯ?" ಅಂತ ಅತ್ತಿಗೆ ಬೈಯುತ್ತಾಳೆ.

ಗೋಡೆ ಬಿದ್ದ ಮಾರನೇ ದಿನ ಸ್ಟುಡಿಯೋದ ಫೋನ್ ರಿಂಗಾಯಿತು. ಎತ್ತಿದ ಹೆಡ್‌ಫೋನ್ ಮಾಮ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ನಿಮ್ಮಣ್ಣ. ಅವತ್ತಿನ ನಂಬರ್ ಇಟ್ಕೊಂಡಿದ್ದಾರೆ. ತಾರಕ್ಕ ಬೇಕಂತೆ. ಇಲ್ಲ ಅಂತ ಹೇಳ್ಲಾ?" ಅಂದ.

ಗಿಣಿ ಕೈ ಚಾಚಿದಳು. ಗದ್ದ ಇಳಿಸಿದಳು.

"ಹೇಳಿ ಅಣ್ಣ."

"ಅಕ್ಕ, ಒಂದೇ ನಿಮಿಷ. ನಿಮ್ಮ ಕೆಲಸ ಕೆಡಿಸಲ್ಲ. ನೀವು ಹೇಳಿದ ಹಾಗೇ ಬೆಳಕಿರೋ ಕಡೆ ಸಿಕ್ತು. ನಿನ್ನೆ ಸಾಲು ಬಿತ್ತು. ನೀವು ಹೇಳದಿದ್ರೆ ನಾನೂ ಇವತ್ತು ಬೀದೀಲಿ ಇರ್ತಿದ್ದೆ. ಇನ್ನೊಂದು ಮಾತು. ನಂಗೊಬ್ಬಳು ತಂಗಿ ಇದ್ದಾಳೆ ಅಕ್ಕ. ನಿಮಗಿಂತ ಮುಂಚೆ ಅವಳು ಇದನ್ನೇ ಹೇಳಿದ್ಲು. ಬೆಳಕು ಬರುತ್ತೆ ಅಂತಾನೂ ಹೇಳಿದ್ಲು. ತಿಂಗಳೆಲ್ಲ ಹೇಳಿದ್ಲು. ನಾನು ನಕ್ಕೆ. ಆಮೇಲೆ ಗದರಿದೆ. ಅವಳು ಅತ್ತಳು ಅಕ್ಕ. ಅವತ್ತಿಂದ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ."

ಗಿಣಿಯ ಗದ್ದ ತಾನಾಗಿಯೇ ಮೇಲೆದ್ದಿತು, ಇನ್ನೇನು ಅವಳ ಸ್ವಂತ ಧ್ವನಿಯೇ ಹೊರಬೀಳಬೇಕು. ಗಾಜಿನ ಆಚೆ ಮಾಮ ತನ್ನ ಗದ್ದ ಮುಟ್ಟಿ ತೋರಿಸಿದ, ಇಳಿಸು, ಇಳಿಸು ಅಂತ.

"ಇದನ್ನು ನನಗೆ ಯಾಕೆ ಹೇಳುತ್ತೀರಿ ಅಣ್ಣ? ಅವಳಿಗೇ ಹೇಳಿ."

"ಅದು ಹೇಗಕ್ಕ? ಮನೇಲಿರೋರಿಗೆ ಅದನ್ನೆಲ್ಲ ಹೇಗೆ ಹೇಳೋದು?"

"ಇವತ್ತೇ ಹೇಳಿ. ನಿಮ್ಮ ಮನೆಯವರ ಎದುರಿಗೇ ಹೇಳಿ. ನಾನು ಹೇಳಿದ್ದೇನೆ ಅಂತ ಹೇಳಬೇಡಿ."

"ಆಗ್ಲಿ ಅಕ್ಕ."

ಸಂಜೆ ಮೂವರೂ ಊಟಕ್ಕೆ ಕೂತರು. ಅತ್ತಿಗೆ ಶುರು ಮಾಡಿದಳು. ಇಷ್ಟು ಜನರಲ್ಲಿ ತಾರಕ್ಕ ನಮ್ಮನ್ನೇ ನೆನೆಸಿಕೊಂಡರಲ್ಲ, ಎಂಥ ಮನಸ್ಸು, ಎಂಥ ಮಾತು, ಗಿಣಿಯೂ ಹಾಗೆ ನಿಧಾನವಾಗಿ ಮಾತಾಡುವುದನ್ನು ಕಲಿಯಬೇಕು.

"ಕಲೀತೀನಿ ಅತ್ತಿಗೆ," ಅಂದಳು ಗಿಣಿ.

ಅಣ್ಣ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದ. ತಲೆ ಎತ್ತದೆ ಹೇಳಿದ.

"ಅವಳೂ ಹೇಳಿದ್ಲು ಕಣೇ. ತಾರಕ್ಕನಿಗಿಂತ ಮುಂಚೆ ಅವಳೇ ಹೇಳಿದ್ದು. ನಾವೇ ಕೇಳ್ಲಿಲ್ಲ." ಆಮೇಲೆ ಗಿಣಿಯ ಕಡೆ ತಿರುಗಿದ. "ಗದರಿದ್ದು ತಪ್ಪಾಯ್ತು. ಮನಸ್ಸಲ್ಲಿ ಇಟ್ಕೋಬೇಡ."

ಇದು ತಾನೇ ಹೇಳಿಸಿದ ಮಾತು ಅಂತ ಗಿಣಿಗೆ ಗೊತ್ತಿತ್ತು. ಹೇಳಿಸಿದ ಮಾತನ್ನು ಜನ ಹೇಗೆ ಹೇಳುತ್ತಾರೆ ಅಂತ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು. ರೂಢಿಯ ಹಾಗೆ ಅವಳ ಕಣ್ಣು ಅಣ್ಣನ ಕುತ್ತಿಗೆಗೆ ಹೋಯಿತು. ಆ ಕುತ್ತಿಗೆಯ ನರ ಬಿಗಿದಿತ್ತು, ಉಸಿರು ಅಲ್ಲೇ ಸಿಕ್ಕಿಕೊಂಡಿತ್ತು. ಮಾತು ಯಾರು ಬರೆದುಕೊಟ್ಟದ್ದಾದರೂ ಆಗಲಿ, ಅದಕ್ಕೆ ಉಸಿರು ಮಾತ್ರ ಅಣ್ಣನದೇ ಆಗಿತ್ತು.

ಅವಳ ಕಣ್ಣು ತುಂಬಿ ಬಂತು. "ಬಿಡಣ್ಣ," ಅಂದಳು, ತನ್ನ ಆ ಒಡಕು ಧ್ವನಿಯಲ್ಲೇ. "ಇನ್ನೂ ಸ್ವಲ್ಪ ಹಾಕ್ಲಾ?"

"ಹಾಕು," ಅಂತ ಅಣ್ಣ ತಟ್ಟೆ ಮುಂದಕ್ಕೆ ತಳ್ಳಿದ.